ವ್ರತದ ಒಂಬತ್ತನೇ ದಿನ ಸಕ್ಕರೆ ಅಳೆದವರಿಗೆ

ಆರೋಗ್ಯ ತಪಾಸಣಾ ಶಿಬಿರಗಳಿಗೆ ದಿನಾಂಕ ಗೊತ್ತುಮಾಡುವ ಮಾನ್ಯರೇ,

ಮಿಜಾರಿನ ಹತ್ತಿರದ ನಮ್ಮೂರಿನಲ್ಲಿ ಈ ವರ್ಷವೂ ನಾವು ಜೈನರು ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವದ ಒಂಬತ್ತನೇ ದಿನವೇ ಸಕ್ಕರೆ ಕಾಯಿಲೆಯ ಶಿಬಿರ ಇಟ್ಟಿದ್ದೀರಿ. ಕಳೆದ ವರ್ಷದ ಇದೇ ಜಾಣತನಕ್ಕೆ ನನ್ನ ಹೆಂಡತಿ ತ್ರಿಶಲಾಳ ಬಲಗಾಲಿನ ಮೂರು ಬೆರಳು ಹೋಗಿವೆ. ಇನ್ನೆಷ್ಟು ಬೆರಳು ಬೇಕು ಎಂದು ಕೇಳಲು ಈ ಪತ್ರ.

ಪ್ರಾಯ ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಬೇಕೆಂದು ನಿಮ್ಮ ಬ್ಯಾನರು ಹೇಳುತ್ತದೆ. ಒಪ್ಪಿದೆ. ಯಾವ ಪ್ರಾಯದಲ್ಲಿ ಎಂಬುದು ನಿಮಗೆ ಗೊತ್ತುಂಟು, ಯಾವ ಬೆಳಿಗ್ಗೆ ಎಂಬುದು ಮಾತ್ರ ಗೊತ್ತಿಲ್ಲ. ಖಾಲಿಹೊಟ್ಟೆಯಲ್ಲಿ ಬನ್ನಿ ಎಂದರೆ ನಮ್ಮ ಜನ ಚಾ ಕುಡಿದೇ ಬರುತ್ತಾರೆ, ನಿಮ್ಮ ಗುರಿ ತಪ್ಪುತ್ತದೆ. ಆಗ ನಿಮ್ಮಲ್ಲಿ ಯಾರಿಗೋ ಜ್ಞಾನೋದಯವಾಯಿತು: ಜೈನರ ವ್ರತದಲ್ಲಿ ಹೋದರೆ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ! ಹೊಟ್ಟೆ ಖಾಲಿ, ಪಟ್ಟಿ ಭರ್ತಿ. ಒಂದೇ ದಿನ ನೂರಮೂವತ್ತು ಜನ, ಮೇಲಿನವರಲ್ಲಿ ಕೀರ್ತಿ.

ತ್ರಿಶಲಾ ಕಳೆದ ವರ್ಷ ಆರು ದಿನ ಒಪ್ಪತ್ತು ಉಂಡು, ಆಮೇಲೆ ಬರೀ ನೀರಿನಲ್ಲಿದ್ದವಳು. “ಏನೂ ತಿನ್ನಲಿಲ್ಲ ಅಲ್ಲವಾ ಅಕ್ಕ?” ಎಂದು ನಿಮ್ಮ ಸಿಸ್ಟರ್ ಕೇಳಿದರು.

“ಮೊನ್ನೆಯಿಂದ ನೀರು ಮಾತ್ರ.”

“ಎಲ್ಲರೂ ನಿಮ್ಮ ಹಾಗೆ ಇದ್ದರೆ ನಮಗೆಷ್ಟು ಸುಲಭ ಮಾರಾಯ್ರೆ!”

ತೊಂಬತ್ತೆಂಟು ಬಂತು. ಕಾರ್ಡಿನಲ್ಲಿ ‘ರೋಗವಿಲ್ಲ’ ಎಂದು ಬರೆದು ಕೊಟ್ಟರು. ಖಾಲಿಹೊಟ್ಟೆ ಎಂದರೆ ಒಂದು ರಾತ್ರಿಯದ್ದು, ವಾರಗಟ್ಟಲೆಯದ್ದಲ್ಲ. ವ್ರತದಲ್ಲಿ ರಕ್ತ ತೆಗೆದರೆ ಸಕ್ಕರೆಗೂ ಉಪವಾಸ. ಅದನ್ನೇ ಆರೋಗ್ಯವೆಂದು ಬರೆದರೆ ಮನುಷ್ಯನಿಗೆ ವನವಾಸ. ಇಷ್ಟು ತಿಳಿಯಲು ವೈದ್ಯಕೀಯ ಓದಬೇಕೇ? ನನ್ನ ಕನ್ನಡ ಮಾಧ್ಯಮದ ಬಿ.ಎ. ಸಾಕು.

ಆದರೆ ಆ ಬಿ.ಎ.ಯೂ ಸಮಯಕ್ಕೆ ಕೈಕೊಟ್ಟಿತು. ವ್ರತ ಮುಗಿದ ಮೇಲೆ ಅವಳಿಗೆ ತಡೆಯದ ಬಾಯಾರಿಕೆ, ಪಾದಕ್ಕೆ ಜುಮುಜುಮು. “ಇನ್ನೊಮ್ಮೆ ನೋಡಿಸುವ” ಎಂದಳು. “ಸರಕಾರವೇ ಇಲ್ಲ ಅಂದದ್ದನ್ನು ನೀನು ಉಂಟು ಅಂತೀಯಲ್ಲ!” ಎಂದು ನಾನು ನಕ್ಕೆ.

ದೀಪಾವಳಿಗೆ ಹೊಸ ಚಪ್ಪಲಿ ಕಚ್ಚಿದ ಗಾಯ ಎರಡು ವಾರವಾದರೂ ಮಾಯಲಿಲ್ಲ. ನಿಮ್ಮ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿನವರು ಗಾಯ ನೋಡುವ ಮೊದಲು ಕಂಪ್ಯೂಟರ್ ನೋಡಿದರು.

“ನಿಮ್ಮದು ಈ ವರ್ಷದ್ದು ಆಗಿದೆಯಲ್ಲ. ರೋಗ ಇಲ್ಲ ಅಂತ ಉಂಟು. ಇನ್ನು ಬರುವ ವರ್ಷ ಬನ್ನಿ.”

“ಸರ್, ಬೆರಳು ಕಪ್ಪಾಗ್ತಾ ಉಂಟು.”

“ಅದಕ್ಕೆ ಮುಲಾಮು ಕೊಡ್ತೇನೆ.”

ಗಾಯಕ್ಕೆ ಮುಲಾಮು, ನಿಯಮಕ್ಕೆ ಸಲಾಮು.

ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಸಕ್ಕರೆ ಪರೀಕ್ಷೆ ಮಾಡಿದರು. ಆರರ ಒಳಗಿರಬೇಕಾದದ್ದು ಹನ್ನೆರಡು. “ಇಷ್ಟು ಸಮಯ ಎಲ್ಲಿದ್ರಿ?” ಎಂದು ಡಾಕ್ಟರು ಬೈದರು. ನಿಮ್ಮ ಪಟ್ಟಿಯಲ್ಲಿದ್ದೆವು ಮಾನ್ಯರೇ, ಆರೋಗ್ಯವಂತರ ಸಾಲಿನಲ್ಲಿ, ಬೆರಳು ಕೊಳೆಯುತ್ತಾ.

ನಮ್ಮ ಬೇಡಿಕೆ ಇಷ್ಟೇ. ಶಿಬಿರವನ್ನು ಪರ್ವ ಮುಗಿದು ತಿಂಗಳ ಮೇಲೆ ಇಡಿ. ಸೂಜಿ ಚುಚ್ಚುವ ಮೊದಲು, ವಾರದಿಂದ ಏನು ಉಂಡಿರಿ ಎಂದು ಕೇಳಿ. ಕಳೆದ ವರ್ಷದ ಆ ನೂರಮೂವತ್ತು ಜನರನ್ನು ಈಗಲೇ ಕರೆಸಿ ಮೂರು ತಿಂಗಳ ಪರೀಕ್ಷೆ ಮಾಡಿಸಿ. ಅವರಲ್ಲಿ ಇನ್ನೂ ಹಲವರು ನಿಮ್ಮ ಮಾತು ನಂಬಿ ಪಾಯಸ ಉಣ್ಣುತ್ತಿದ್ದಾರೆ.

ತ್ರಿಶಲಾಳಿಗೆ ಈ ಸಲ ಡಾಕ್ಟರು ವ್ರತ ಬಿಡಿಸಿದ್ದಾರೆ. ದಿನಾಂಕ ಬದಲಾಗದಿದ್ದರೆ ಶಿಬಿರದ ಬಾಗಿಲಲ್ಲಿ ಕುರ್ಚಿ ಹಾಕಿ ಕೂರುವವಳಿದ್ದಾಳೆ. “ಪಾದದ ಪಟ್ಟಿ ಬಿಚ್ಚಿಯೇ ಕೂತ್ಕೊಳ್ತೇನೆ. ನೋಡಿದ ಮೇಲೂ ರಕ್ತ ಕೊಡುವವರು ಒಳಗೆ ಹೋಗಲಿ” ಎಂದಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಅವಳನ್ನು ಕರಕೊಂಡು ಬರ್ತೇನೆ. ತಾವೂ ಬನ್ನಿ.

ಇಂತಿ,
ತಮ್ಮಲ್ಲಿ ವಿಶ್ವಾಸವಿಟ್ಟು ಕೆಟ್ಟ,
ಭರತರಾಜ