ಐದು ದಿನದ ಗಾಯ

ಬೈಂಡಿಂಗ್ ಅಂಗಡಿ,
ಮಂಗಳವಾರ, ಹದಿನಾಲ್ಕನೇ ತಾರೀಖು

ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನ ವೈದ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಮಹನೀಯರೇ, ಮತ್ತು ಎರಡು ವಾರದಿಂದ ಮುನಿಸಿಕೊಂಡಿರುವ ನನ್ನ ಅಕ್ಕಾ,

ಇಂದಿನ ಉಪನ್ಯಾಸದ ವಿಷಯ: ನನ್ನ ಎಡಗೈ ಹೆಬ್ಬೆರಳು.

ಇಪ್ಪತ್ತು ವರ್ಷದಿಂದ ಪುಸ್ತಕದ ಅಂಚು ಕತ್ತರಿಸುವವನಿಗೆ ಚಾಕು ತಗಲುವುದು ಹೊಸದಲ್ಲ. ಪ್ರತಿ ಸಲವೂ ಐದನೇ ದಿನಕ್ಕೆ ಗಾಯ ಮುಚ್ಚುತ್ತದೆ. ಎದುರು ಕೂತು ಪುಟ ಹೊಲಿಯುತ್ತಿದ್ದ ನೀನೇ ಸಾಕ್ಷಿ. ಆದರೆ ನೀನು ಸೂಜಿಡಬ್ಬಿ ಎತ್ತಿಕೊಂಡು ಹೋದ ಮರುದಿನ ಆದ ಗಾಯ ಇನ್ನೂ ಬಾಯಿ ಮುಚ್ಚಿಲ್ಲ. ಅದೇ ಚಾಕು, ಅದೇ ಬೆರಳು, ಅದೇ ಮುಲಾಮು. ಬದಲಾಗಿದ್ದು ಎದುರಿನ ಸ್ಟೂಲು ಮಾತ್ರ, ಅದು ಖಾಲಿ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇಲ್ಲ. ಆಮೇಲೆ, ಯಾರ ಜೊತೆಗಾದ್ರೂ ಮಾತು ಬಿಟ್ಟಿದ್ದೀರಾ ಅಂತ ಕೇಳಿದರು. ಬೆರಳು ತೋರಿಸೋಕೆ ಬಂದವನ ಮನೆ ವಿಚಾರ ಯಾಕಮ್ಮಾ ಅಂದೆ. ನಕ್ಕರು. ಮನಸ್ಸು ಕುದಿಯುತ್ತಿದ್ದರೆ ಮೆದುಳು ಇಡೀ ಮೈಯನ್ನು ಕಾವಲಿಗೆ ನಿಲ್ಲಿಸುತ್ತದಂತೆ, ರಿಪೇರಿ ಕೆಲಸ ಹಿಂದೆ ಬೀಳುತ್ತದಂತೆ. ಮೇಸ್ತ್ರಿ ಜಗಳಕ್ಕೆ ನಿಂತರೆ ಗಾರೆಯವರು ಕೈಕಟ್ಟಿ ಕೂತ ಹಾಗೆ!

ಕುತೂಹಲ ತಡೆಯದೆ ಪ್ರಯೋಗ ಮಾಡಿದೆ. ಮೂರು ದಿನ ಏನನ್ನೂ ಯೋಚಿಸದೆ ಬರೀ ಪ್ರಾಸ ಕಟ್ಟಿದೆ:

ಹೊರಗಡೆ ಸುತ್ತಿದೆ ಬಟ್ಟೆಯ ಪಟ್ಟಿ,
ಒಳಗಿನ ಗುಟ್ಟೋ ಕಲ್ಲಿಗಿಂತ ಗಟ್ಟಿ.

ಬಿಚ್ಚಿ ನೋಡಿದರೆ ಗಾಯ ಇದ್ದ ಹಾಗೇ ಇತ್ತು. ಪ್ರಾಸಕ್ಕೆ ಔಷಧಗುಣವಿಲ್ಲವೆಂದು ಸಾಬೀತಾಯಿತು.

ಸಭೆಗೆ ಜಗಳದ ಕಾರಣ ಹೇಳಬೇಕಲ್ಲ. ಗ್ರಂಥಾಲಯದ ನಿಘಂಟಿನಲ್ಲಿ ಹದಿನಾರು ಪುಟ ತಲೆಕೆಳಗಾಗಿ ಹೊಲಿದುಹೋಗಿದ್ದವು. ಗ್ರಂಥಪಾಲಕರ ಎದುರೇ, ಅಕ್ಕನಿಗೆ ಈಗೀಗ ಕಣ್ಣು ಮಂದ ಸಾರ್ ಅಂದುಬಿಟ್ಟೆ. ನೀನು ಸೂಜಿಡಬ್ಬಿ ಎತ್ತಿಕೊಂಡು ಹೋದೆ.

ನಿನ್ನೆ ಭಾವ ಸಿಕ್ಕಿದ್ದರು. ಕಣ್ಣಿನ ಡಾಕ್ಟರು ಎಲ್ಲಾ ಸರಿಯಿದೆ ಅಂದರೂ, ಸೂಜಿಗೆ ದಾರ ಪೋಣಿಸಲು ಹೋದರೆ ನಿನಗೆ ಮಂಜು ಕವಿಯುತ್ತದಂತೆ. ಸೂಜಿಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೀಯಂತೆ. ಈ ವಿಚಿತ್ರಕ್ಕೆ ವಿಜ್ಞಾನವೇ ಉತ್ತರ ಹುಡುಕಬೇಕೆಂದು ಹೇಳಿ ಉಪನ್ಯಾಸ ಮುಗಿಸುತ್ತೇನೆ. ಚಪ್ಪಾಳೆ ಬೇಡ, ಕೈ ನೋಯುತ್ತಿದೆ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಅಕ್ಕಾ. ಅವತ್ತು ನೀನು ಊಟಕ್ಕೆ ಎದ್ದಾಗ ನಿಘಂಟಿನ ಬಿಡಿಹಾಳೆಗಳ ಕಟ್ಟು ನನ್ನ ಕೈಜಾರಿ ಬಿತ್ತು. ಎತ್ತಿ ಜೋಡಿಸಿದ್ದು ನಾನು. ನಂಬಿ ಹೊಲಿದವಳು ನೀನು. ಗ್ರಂಥಪಾಲಕರ ಎದುರು ನಿಂತಾಗಲೇ ನನಗೆ ಗೊತ್ತಿತ್ತು. ನಿನ್ನ ಕಣ್ಣಿಗೆ ಏನೂ ಆಗಿಲ್ಲ.