ಬಿರುಕು ಬಿಟ್ಟ ಅಗಸಿಗೆ ಪಂಚಮಿಯ ಜೋಕಾಲಿ

ಪ್ರಾಚೀನ ಸ್ಮಾರಕಗಳನ್ನು ಕಾಯಲು ಸರ್ಕಾರ ನೇಮಿಸಿರುವ ಮಾನ್ಯ ಅಧಿಕಾರಿಗಳೇ,

ಕುರುಗೋಡಿನ ಗುಡ್ಡದ ಹಿಂದಿರುವ ಹಳೆಯ ಕೋಟೆಯ ಅಗಸಿಬಾಗಿಲಿನ ಕಲ್ಲುತೊಲೆ ನಡುವೆ ಬಿರುಕು ಬಿಟ್ಟಿದೆ. ಇನ್ನು ಒಂಬತ್ತು ದಿನಕ್ಕೆ ನಾಗರ ಪಂಚಮಿ. ಅಂದು ನಮ್ಮ ಊರಿನ ಹೆಣ್ಣುಮಕ್ಕಳು ಅದೇ ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಆಡುತ್ತಾರೆ. ತೊಲೆ ಬಿದ್ದರೆ ಅವರ ಮೇಲೆಯೇ ಬೀಳುತ್ತದೆ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಹೆದರಿಕೆಯಾಗಿದೆ. ಹೆದರಿಕೆಯೇ ದುಡಿಯುವ ಜನರ ಮೊದಲ ಶತ್ರು ಎಂದು ಕರಪತ್ರಗಳಲ್ಲಿ ಓದಿ, ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಜನಕ್ಕೆ ಹೇಳಿದವನು ನಾನು. ಒಂದು ಕಲ್ಲಿನ ಕೆಳಗೆ ನಿಂತಾಗ ಆ ಮಾತು ನನಗೇ ಸಾಲಲಿಲ್ಲ.

ಜೋಕಾಲಿಗೆ ಮರಗಳಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಓಣಿಗಳ ದೊಡ್ಡ ಬೇವಿನ ಮರಗಳನ್ನು ಕರೆಂಟಿನ ತಂತಿ ಎಳೆಯುವಾಗ ಕಡಿದರು. ಉಳಿದಿರುವುದು ಜಾಲಿ. ಹೀಗಾಗಿ ಎಂಟು ವರ್ಷಗಳಿಂದ ಹಬ್ಬದ ಜೋಕಾಲಿ ಅಗಸಿಗೆ ಬಂದಿದೆ. ಬುತ್ತಿ ಕಟ್ಟಿಕೊಂಡು ಬಂದು, ಬಂಡೆಗಳ ನೆರಳಲ್ಲಿ ಕೂತು, ರೊಟ್ಟಿ ಉಂಡು, ಸಂಜೆಯವರೆಗೆ ಆಡುತ್ತಾರೆ. ಬಳ್ಳಾರಿಯ ಜನಕ್ಕೆ ಉದ್ಯಾನಗಳಿವೆ, ಸಿನಿಮಾ ಮಂದಿರಗಳಿವೆ. ನಮ್ಮ ಹೆಂಗಸರಿಗೆ ವರ್ಷದಲ್ಲಿ ಬಯಲಿಗೆ ಬಂದು ನಗುವ ಜಾಗ ಇದೊಂದೇ.

ಗುಡ್ಡದ ಆಚೆ ರಸ್ತೆಯ ಜಲ್ಲಿಗಾಗಿ ಮದ್ದು ಸಿಡಿಸಲು ತೊಡಗಿದ ಮೇಲೆ ತೊಲೆಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಕಟ್ಟಡಗಳ ಬಗ್ಗೆ ನಾನು ಓದಿದ್ದು ಒಂದೇ ಒಂದು ಚಿಕ್ಕ ಪುಸ್ತಿಕೆ. ಅದರಲ್ಲಿ ಹೇಳಿದಂತೆ ಜೋಳದ ಹಿಟ್ಟಿನ ಅಂಟು ಮಾಡಿ, ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿದೆ. ಬಿರುಕು ನಿಂತಿದ್ದರೆ ಕಾಗದ ಹರಿಯುವುದಿಲ್ಲ. ಎಂಟನೆಯ ದಿನ ಹೋಗಿ ನೋಡಿದರೆ ನಡುವೆ ನೇರವಾಗಿ ಹರಿದಿತ್ತು. ಮಳೆ ಇಲ್ಲ, ಗಾಳಿ ಇಲ್ಲ.

ಅಂದೇ ಬಳ್ಳಾರಿಗೆ ಬಂದೆ. ನಿಮ್ಮ ಕಚೇರಿಯ ಗುಮಾಸ್ತರು ನನ್ನ ಮಾತು ಪೂರ್ತಿ ಕೇಳಿದರು. ಆ ಸೌಜನ್ಯಕ್ಕೆ ವಂದನೆಗಳು.

“ಕಲ್ಲು ಬಿದ್ದೈತೇನು?” ಎಂದರು.

“ಇಲ್ರಿ. ಬೀಳತೈತಿ ಅಂತ ಹೇಳಾಕ ಬಂದೀನ್ರಿ.”

“ಬಿದ್ದ ಮ್ಯಾಲೆ ಬರ್ರಿ. ಬೀಳದ ಕಲ್ಲಿಗೆ ಯಾವ ಫೈಲು ತೆಗೀಲಿ ನಾನು?”

ಮೂರನೆಯ ಪತ್ರಕ್ಕೆ ನಿಮ್ಮ ಉತ್ತರವೂ ಬಂತು. ಸ್ಮಾರಕಕ್ಕೆ ಸಾರ್ವಜನಿಕರು ಕಂಬವನ್ನಾಗಲಿ ಬೇರಾವ ಆಧಾರವನ್ನಾಗಲಿ ಕೊಡುವುದು ಶಿಕ್ಷಾರ್ಹ ಅಪರಾಧ ಎಂದು ಅದರಲ್ಲಿತ್ತು. ಅಗಸಿಯ ಪಕ್ಕದ ನಿಮ್ಮ ಫಲಕವೂ ಅದನ್ನೇ ಹೇಳುತ್ತದೆ: ಕಲ್ಲಿಗೆ ಮನುಷ್ಯ ಹಾನಿ ಮಾಡಿದರೆ ಇಷ್ಟು ದಂಡ, ಇಷ್ಟು ಸೆರೆವಾಸ. ಮನುಷ್ಯನಿಗೆ ಕಲ್ಲು ಹಾನಿ ಮಾಡಿದರೆ ಏನು ಎಂಬುದಕ್ಕೆ ಅಲ್ಲಿ ಜಾಗ ಸಾಲಲಿಲ್ಲವೇ? ಊರಿನ ಹಿರಿಯರಾದ ದೊಡ್ಡಬಸಪ್ಪನವರ ಹತ್ತಿರ ಹೋಗಿ, ಹಬ್ಬದ ಜೋಕಾಲಿ ನಿಲ್ಲಿಸಿ ಎಂದು ಕೇಳಿಕೊಂಡೆ. “ಸರಕಾರದ ಬೋರ್ಡು ಐತಲ್ಲೋ ತಮ್ಮಾ. ಅಪಾಯ ಇದ್ದಿದ್ರ ಅವರೇ ಬರೀತಿರಲಿಲ್ಲೇನು?” ಎಂದರು. ಅವರು ನಿಮ್ಮನ್ನು ನಂಬಿದ್ದಾರೆ, ಮಾನ್ಯರೇ. ನಿಮ್ಮನ್ನು ಇಷ್ಟು ನಂಬಿದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ಇನ್ನು ನನ್ನ ತಪ್ಪು. ಮುಚ್ಚಿಡುವುದಿಲ್ಲ. ಕಂಬ ಕೊಡುವುದು ಅಪರಾಧವಾದರೆ ಎಚ್ಚರಿಕೆಯನ್ನಾದರೂ ಕೊಡೋಣ ಎಂದು, ಅಪಾಯ ದೂರದಿಂದಲೇ ಕಾಣಲಿ ಎಂದು, ಅಗಸಿಯ ಎರಡೂ ಕಡೆ ಬಿಳಿ ಕೆಂಪು ಪಟ್ಟೆ ಬಳಿದೆ. ರೈಲ್ವೆ ಗೇಟಿನ ಅಡ್ಡಗಂಬಕ್ಕೆ ಹಾಗೆ ಬಳಿದದ್ದನ್ನು ನೋಡಿದ್ದೆ. ಕೈಗೆ ಸಿಕ್ಕದ್ದು ಸುಣ್ಣ, ಕೆಮ್ಮಣ್ಣು. ಗುಡಿಯ ಗೋಡೆಗಳಿಗೆ ಬಳಿಯುವುದೂ ಅದನ್ನೇ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ನಮ್ಮ ಜನಕ್ಕೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಕಂಡರೆ ಚಪ್ಪಲಿ ಬಿಟ್ಟು ಒಳಗೆ ಬಾ ಎಂದರ್ಥ. ಮರುದಿನ ಹೋದರೆ ಅಗಸಿಯ ಬುಡದಲ್ಲಿ ಅರಿಶಿನ, ಕುಂಕುಮ, ಒಡೆದ ಕಾಯಿ. ನಮ್ಮ ಓಣಿಯ ಸುಂಕಮ್ಮಜ್ಜಿ ತೊಲೆಯ ಕೆಳಗೇ ಕೂತು ಕರ್ಪೂರ ಹಚ್ಚುತ್ತಿದ್ದಳು.

“ಅಜ್ಜಿ, ಏಳು. ಅದನ್ನ ಹಚ್ಚಿದಾಂವ ನಾನು. ಯಾರೂ ಹತ್ರ ಬರಬಾರದು ಅಂತ ಹಚ್ಚೀನಿ.”

“ಸುಳ್ಳು ಹೇಳಬ್ಯಾಡಲೇ ಮರಿಬಸ್ಯಾ. ನಿಮ್ಮನಿ ಗ್ವಾಡಿ ಸುಣ್ಣ ಕಂಡು ಮೂರು ವರ್ಷ ಆತು, ನೀ ಬಂದು ಅಗಸಿಗೆ ಹಚ್ಚಿದೇನು?” ಎಂದು ನಕ್ಕಳು. “ಈ ಸಲ ಸರಕಾರದೋರೇ ನಮ್ಮ ಪಂಚಮಿ ಮಾಡಾಕ ಹತ್ಯಾರ. ಮೋಕಾ ಊರಾಗಿರೋ ನನ್ನ ಮಕ್ಕಳಿಗೂ ಬರಾಕ ಹೇಳಿ ಕಳಿಸೀನಿ.”

ಪಟ್ಟೆಯನ್ನು ನೀರು ಹಾಕಿ ಉಜ್ಜಲು ಹೋದೆ. ಹೆಂಗಸರು ನನ್ನ ಕೈಯಿಂದ ಕೊಡ ಕಿತ್ತುಕೊಂಡು, ದೇವರ ಬಣ್ಣ ತೆಗೆಯುವ ನಾಸ್ತಿಕ ಎಂದು ಬೈದು ಓಡಿಸಿದರು. ಹೀಗೆ ಪ್ರತಿ ವರ್ಷ ಮೂವತ್ತು ಜನ ಸೇರುತ್ತಿದ್ದ ಜಾಗಕ್ಕೆ ಈ ವರ್ಷ ನೂರು ಜನ ಬರುತ್ತಾರೆ. ಅವರನ್ನು ಅಲ್ಲಿಗೆ ಕರೆದವನು ನಾನು. ಈ ಊರಿನಲ್ಲಿ ಇನ್ನು ನನ್ನ ಮಾತು ಯಾರೂ ಕೇಳುವುದಿಲ್ಲ.

ಮೊನ್ನೆ ತಂಗಿ ವಿರೂಪಮ್ಮನನ್ನು ಹಬ್ಬಕ್ಕೆ ಕರೆತರಲು ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ಹೋಗಿದ್ದೆ. ಅವಳನ್ನು ಆ ಊರಿಗೆ ಕೊಟ್ಟು ಎರಡು ವರ್ಷವಾಯಿತು. ಸಿರುಗುಪ್ಪದಲ್ಲಿ ಬಸ್ಸು ಬದಲಿಸುವಾಗ ಕೇಳಿದಳು: “ಅಣ್ಣಾ, ಹಗ್ಗ ಹೊಸದು ತಂದೀಯಿಲ್ಲೋ?” ಬಿರುಕಿನ ಕಥೆಯೆಲ್ಲ ಹೇಳಿ, ಈ ಸಲ ಬೇಡ ಎಂದೆ.

“ನಿನಗ ಎಲ್ಲಾದ್ರಾಗೂ ಬಿರುಕೇ ಕಾಣತೈತಿ,” ಎಂದಳು. ನಗುತ್ತಲೇ ಇದ್ದವಳು ಕಂಕುಳಿನ ಗಂಟನ್ನು ಕೆಳಗಿಟ್ಟಳು. “ವರ್ಷೆಲ್ಲಾ ನೆಲ ನೋಡಿಕೊಂಡು ಅಡ್ಡಾಡ್ತೀನಿ. ಗದ್ದ್ಯಾಗ ನೆಲ, ಮನ್ಯಾಗ ನೆಲ. ಒಂದಿನ ಕಾಲು ಮ್ಯಾಲೆತ್ತಾಕ ಬಿಡಪಾ.”

ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿಲ್ಲ. ನಿಮ್ಮ ಕಾಯಿದೆಯ ಪುಸ್ತಕದಲ್ಲಿ ಇದೆಯೇ?

ಆದ್ದರಿಂದ ಕೇಳುತ್ತೇನೆ. ಹಬ್ಬದ ಹಿಂದಿನ ದಿನವಾದ ರೊಟ್ಟಿ ಪಂಚಮಿಯೊಳಗೆ ಆ ತೊಲೆಗೆ ಎರಡು ಗಟ್ಟಿ ಕಂಬಗಳ ಆಸರೆ ಕೊಡಿಸಿ, ಹಬ್ಬ ಮುಗಿಯುವವರೆಗೆ ಖಾಕಿ ತೊಟ್ಟ ಒಬ್ಬನನ್ನು ಅಲ್ಲಿ ನಿಲ್ಲಿಸಿ. ಅಷ್ಟಕ್ಕೆ ಮಂಜೂರಾತಿ ಬರುವುದು ತಡವಾಗುವುದಾದರೆ, ನಾಲ್ಕು ಜನರನ್ನು ಸುತ್ತಿಗೆ, ಹಾರೆಗಳೊಂದಿಗೆ ಕಳಿಸಿ ತೊಲೆಯನ್ನು ಕೆಡವಿಬಿಡಿ. ಈ ಗುಡ್ಡದ ಒಂದೊಂದು ಕಲ್ಲೂ ಜನರ ಆಸ್ತಿ, ಒಂದು ಚೂರೂ ಹಾಳಾಗಬಾರದು ಎಂದು ಸಹಿ ಸಂಗ್ರಹಿಸಿದವನೇ ಇದನ್ನು ಬರೆಯುತ್ತಿದ್ದೇನೆ. ನೂರಾರು ವರ್ಷ ನಿಂತ ಅಗಸಿಯನ್ನು ಬೀಳಿಸಿದವನು ಎಂದು ನನ್ನ ಹೆಸರನ್ನೇ ನಿಮ್ಮ ಫಲಕದ ಮೇಲೆ ಬರೆಸಿ. ಕೆಡವುವಾಗ ಮಾತ್ರ ಅದರ ಕೆಳಗೆ ಯಾರೂ ಇಲ್ಲದಂತೆ ನೋಡಿಕೊಳ್ಳಿ.

ಇಂತಿ,
ಸದ್ಯಕ್ಕೆ ವಿರೂಪಮ್ಮನ ಅಣ್ಣ ಮಾತ್ರವಾಗಿರುವ
ಮರಿಬಸಪ್ಪ, ಕುರುಗೋಡು