ನಮ್ಮೂರು ಹಡಗಿಗೇರಿಸಿದ್ದು

ಮುದಲಿಯಾರ್‌ಪೇಟೆ, ಪಾಂಡಿಚೇರಿ
15 ಜುಲೈ 1988

ಪ್ರೀತಿಯ ಲೋಕಾಂಬಾಳಕ್ಕನಿಗೆ,

ತಮ್ಮ ಆದಿಮೂಲಂ ಮಾಡುವ ನಮಸ್ಕಾರ. ನಿನ್ನ ಸೊಂಟನೋವು ಈಗ ಹೇಗಿದೆ? ಬಿಸಿಲು ಬಂದರೆ ಕಡಿಮೆಯಾಗುತ್ತದೆ ಎಂದು ಹೋದ ವರ್ಷ ನೀನು ಬರೆದಿದ್ದೆ. ಅಲ್ಲಿ ಫ್ರಾನ್ಸಿನಲ್ಲಿ ಬಿಸಿಲು ಬಂದಿದೆಯೋ ಇಲ್ಲವೋ, ಇಲ್ಲಿಯದನ್ನು ಯಾರಾದರೂ ಒಯ್ಯುವುದಿದ್ದರೆ ಕಟ್ಟಿ ಕಳಿಸುತ್ತಿದ್ದೆ. ಭಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ಅಥವಾ ಮೂಲೆಯ ಕೇಕಿನ ಅಂಗಡಿಗೆ ಈಗಲೂ ಕದ್ದು ಹೋಗುತ್ತಾರೆಯೇ? ನನಗೆ ಎಡ ಮೊಣಕಾಲು ಬಿಟ್ಟರೆ ಬೇರೆ ತಕರಾರಿಲ್ಲ. ಅಂಜಲಾಕ್ಷಿ ತೀರಿಹೋಗಿ ನಾಲ್ಕು ವರ್ಷವಾಗುತ್ತ ಬಂತು. ಕದಿರವನ್ ವಿದ್ಯುತ್ ಇಲಾಖೆಯ ಕೆಲಸಕ್ಕೆ ಹೊರಡುವ ಮೊದಲು ಮೀನಿನ ಸಾರು ಮಾಡಿಟ್ಟು ಹೋಗುತ್ತಾನೆ. ಹುಣಸೆ ಜಾಸ್ತಿ ಹಾಕುತ್ತಾನೆ; ಹೇಳಿದರೆ, ಅಮ್ಮನೂ ಹೀಗೇ ಮಾಡುತ್ತಿದ್ದಳು ಅನ್ನುತ್ತಾನೆ. ಅದು ಸುಳ್ಳು, ಆದರೆ ಆಮೇಲೆ ನಾನು ಸುಮ್ಮನೆ ಉಣ್ಣುತ್ತೇನೆ.

ನಿನ್ನ ಕಾಗದ ಬಂತು. ನಿನ್ನ ಮಗಳು ಗೋದೈಗೆ ಹೆಂಡದಂಗಡಿಯ ವೈತಿಲಿಂಗಂ ಅವರ ಎರಡನೆಯ ಮಗ ನಿಶ್ಚಯವಾಗಿದ್ದಾನೆ, ಆವಣಿ ತಿಂಗಳಲ್ಲಿ ಇಲ್ಲಿಗೇ ಬಂದು ಮದುವೆ ಮಾಡುತ್ತೇವೆ ಎಂದು ಬರೆದಿದ್ದೀಯೆ. ಸಂತೋಷವಾಯಿತು ಎಂದು ಬರೆಯಬೇಕು, ಬರೆಯುತ್ತಿದ್ದೇನೆ. ಆದರೆ ಆ ಸುದ್ದಿ ನಿನ್ನ ಕಾಗದಕ್ಕಿಂತ ಮೊದಲೇ ಇಡೀ ಬೀದಿಗೆ ಗೊತ್ತಿತ್ತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡು ಕೂತಿದ್ದೆ, ವೈತಿಲಿಂಗಂ ಬಂದು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ, "ಏನ್ರೀ ಆದಿಮೂಲಂ, ನಿಮ್ಮನೆ ಹುಡುಗೀನ ನಮ್ಮನೆ ತುಂಬಿಸ್ಕೋತೀವಿ ಅನ್ಕೊಂಡ್ರಾ? ನಮ್ಮ ಹುಡುಗನೇ ಗಂಟುಮೂಟೆ ಕಟ್ಕೊಂಡು ಅವಳ ಹಿಂದೆ ವಿಮಾನ ಹತ್ತುತಾನೆ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಗಬೇಕಾಯಿತು, ಕ್ಷೌರಿಕನ ಕತ್ತಿ ಕತ್ತಿನ ಹತ್ತಿರವಿತ್ತು.

ನಾನು ಕಡಲೂರಿನಲ್ಲಿ ಎರಡು ವರ್ಷ ಕಾಲೇಜಿಗೆ ಹೋಗಿ ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರ ಓದಿದವನು ಎಂಬುದು ನಿನಗೆ ಗೊತ್ತು. ಈಗ ಉಳಿದಿರುವುದು ತುಂಡುಗಳು. "ಎವ್ರಿ ನೇಶನ್ ಶುಡ್ ಎಕ್ಸ್‌ಪೋರ್ಟ್ ದಟ್ ವಿಚ್" ಎಂದು ಮೇಷ್ಟರು ಶುರುಮಾಡುತ್ತಿದ್ದರು, ಆ 'ವಿಚ್' ಆದಮೇಲೆ ಏನೆಂದು ನೆನಪಿಲ್ಲ. ಆದರೆ ನಮ್ಮ ಈ ಚಿಕ್ಕ ಊರಿನ ಮಟ್ಟಿಗೆ ಆ ವಾಕ್ಯವನ್ನು ನಾನೇ ಪೂರ್ತಿ ಮಾಡಬಲ್ಲೆ. ಮೊದಲು ಬಟ್ಟೆ ಕಳಿಸಿದೆವು. ಬಟ್ಟೆಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ನಮ್ಮ ಮುತ್ತಜ್ಜನ ಕೈ ಮೊಣಕೈತನಕ ನೀಲಿಯಿತ್ತು, ಹೆಣವನ್ನು ಚಟ್ಟದ ಮೇಲೆ ಮಲಗಿಸಿದಾಗಲೂ ಆ ನೀಲಿ ಹೋಗಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳಲ್ಲ. ಆಫ್ರಿಕದವರು ಆ ನೀಲಿ ಬಟ್ಟೆಯನ್ನು ಮೂಗಿಗೆ ಹಿಡಿದು, ವಾಸನೆ ನೋಡಿ, ಇದು ಪಾಂಡಿಚೇರಿಯದೇ ಎಂದು ಒಪ್ಪಿಕೊಂಡು ಕೊಳ್ಳುತ್ತಿದ್ದರಂತೆ. ಆಮೇಲೆ ಫ್ರಾನ್ಸಿನವರು ತಮ್ಮೂರಲ್ಲೇ ಅಂಥದ್ದನ್ನು ಅಗ್ಗಕ್ಕೆ ಮಾಡಿದರು. ನಾವು ಜನರನ್ನು ಹಡಗಿಗೇರಿಸಿದೆವು, ರಿಯೂನಿಯನ್ ದ್ವೀಪದ ಕಬ್ಬಿನ ಗದ್ದೆಗೆ. ಅಜ್ಜನ ಇಬ್ಬರು ತಮ್ಮಂದಿರು ಹಾಗೆ ಹೋದವರು, ಒಂದು ಕಾಗದವೂ ಬರಲಿಲ್ಲ. ಆಮೇಲೆ ಕಡಲೆಕಾಯಿ ಹೋಯಿತು. ಆಮೇಲೆ ಭಾವನಂಥ ಸಿಪಾಯಿಗಳು ಹೋದರು, ಇಂಡೋಚೀನಕ್ಕೆ. ಈಗ ಕಳಿಸಲು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಉಳಿದಿತ್ತು. ಫ್ರೆಂಚ್ ಪಾಸ್‌ಪೋರ್ಟಿನ ಹುಡುಗಿ ಬಂದು ಇಳಿಯುತ್ತಾಳೆ, ನಮ್ಮೂರು ಒಬ್ಬ ಅಳಿಯನನ್ನು ಕಳಿಸಿಕೊಡುತ್ತದೆ. ಅಳಿಯನ ಅಪ್ಪ ಬೀದಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಾನೆ.

ನನಗೂ ಆ ಪಾಸ್‌ಪೋರ್ಟು ಸಿಗುತ್ತಿತ್ತು. ಊರು ಪೂರ್ತಿಯಾಗಿ ಭಾರತಕ್ಕೆ ಸೇರಿದ ವರ್ಷ, ಫ್ರೆಂಚರಾಗಿಯೇ ಉಳಿಯಬೇಕೆನ್ನುವವರಿಗೆ ಆರು ತಿಂಗಳ ಗಡುವು ಕೊಟ್ಟಿದ್ದರು. ಭಾವ ಮನೆಗೇ ಬಂದು, "ಬಾರೋ ಮೂಲಂ, ಒಂದು ಸಹಿ ತಾನೆ, ನಿನ್ನ ಗಂಟೇನು ಹೋಗುತ್ತೆ?" ಎಂದರು. ನಾನು, "ಫ್ರಾನ್ಸಿನವರು ಹೋದ್ರು ಭಾವ, ಮಿಲ್ಲು ಎಲ್ಲಿಗೂ ಹೋಗಲ್ಲ" ಎಂದೆ. ಆಗ ಅದು ಬುದ್ಧಿವಂತರ ಮಾತಾಗಿತ್ತು. ಬಟ್ಟೆ ಮಿಲ್ಲಿನಲ್ಲಿ ಮೂರು ಪಾಳಿ, ನನಗೆ ಹಾಜರಿ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ. ದೀಪಾವಳಿಗೆ ಅಂಜಲಾಕ್ಷಿ ಉಟ್ಟ ಸೀರೆಯ ಸೆರಗನ್ನು ನೀನು ಬೆರಳಲ್ಲಿ ತಿಕ್ಕಿ ನೋಡಿ, "ಮಿಲ್ಲಿನವನನ್ನು ಕಟ್ಟಿಕೊಂಡವಳ ಪುಣ್ಯ" ಎಂದಿದ್ದೆ. ನನಗೆ ಚೆನ್ನಾಗಿ ನೆನಪಿದೆ. ಆ ಕಾಲದಲ್ಲಿ ಹೊಟ್ಟೆಕಿಚ್ಚು ನಿನ್ನ ಪಾಲಿಗಿತ್ತು. ಈಗ ಮಿಲ್ಲಿನಲ್ಲಿ ಒಂದೇ ಪಾಳಿ, ಕಾಂಪೌಂಡಿನೊಳಗೆ ಮೇಕೆ ಮೇಯುತ್ತವೆ. ನೀನು ಕಳಿಸಿದ ಫೋಟೋ ಬಂದಾಗೆಲ್ಲ ನಾನು ಮಾತು ಬಿಡುತ್ತಿದ್ದೆನಂತೆ. ಅಂಜಲಾಕ್ಷಿ, "ನಿಮ್ಮಕ್ಕನ ಮನೆ ಮುಂದೆ ಹಿಮ ಬಿದ್ರೂ ನಿಮಗೆ ಹೊಟ್ಟೆ ಉರಿಯುತ್ತಲ್ರೀ" ಎನ್ನುತ್ತಿದ್ದಳು. ಹಾಗೆ ಹೇಳಿ ಕಾಲೊತ್ತುತ್ತಿದ್ದಳು. ಈಗ ಉರಿ ಮಾತ್ರ ಇದೆ.

ಅಕ್ಕ, ಗೋದೈ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಮಗುವನ್ನು ಅಂಜಲಾಕ್ಷಿಯ ಮಡಿಲಿಗೆ ಹಾಕಿ, "ಹಿಡ್ಕೊಳ್ಳೇ, ನಿನ್ನ ಸೊಸೆ" ಎಂದವಳು ನೀನು. ಅವಳು ಅದನ್ನು ನಂಬಿದಳು. ಸೋದರಮಾವನ ಮಗನಿಗೆ ಮೊದಲ ಹಕ್ಕು, ಅದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ವೈತಿಲಿಂಗಂ ಅವರಿಗೆ ಹೂಂ ಅನ್ನುವ ಮೊದಲು ಒಂದು ಸಾಲು ಬರೆದು ಕೇಳಬಹುದಿತ್ತು. ನಾನು ಬೇಡವೆನ್ನುತ್ತಿದ್ದೆನೋ ಏನೋ, ಆದರೆ ಬೇಡವೆನ್ನುವ ಮರ್ಯಾದೆಯಾದರೂ ನನಗೆ ಸಿಗುತ್ತಿತ್ತು. ಇದನ್ನು ಕದಿರವನ್ ಎದುರು ಹೇಳಿದ್ದಕ್ಕೆ ಅವನು ತಟ್ಟೆಯಿಂದ ತಲೆಯೆತ್ತದೆ, "ಅಪ್ಪಾ, ಗೋದೈನ ನಾನು ನೋಡಿರೋದೇ ಎರಡು ಸಲ. ನನಗೆ ಅವಳು ಬೇಕಂತ ಯಾರು ಹೇಳಿದ್ರು? ನಿಮಗೆ ಫ್ರಾನ್ಸ್ ಬೇಕು" ಎಂದ.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಮದುವೆಯಲ್ಲಿ ನಾನು ಸೋದರಮಾವನಾಗಿ ತಟ್ಟೆಗಳಲ್ಲಿ ತವರಿನ ಉಡುಗೊರೆಯ ಸೀರು ತಂದು, ಗೋದೈಯ ಹಣೆಗೆ ಬಾಸಿಂಗದಂಥ ಪಟ್ಟ ಕಟ್ಟಿ, ಕೈಹಿಡಿದು ಮಂಟಪಕ್ಕೆ ಕರೆತರಬೇಕು ಎಂದಿದ್ದೀಯೆ. ಅದು ನನ್ನಿಂದ ಆಗುವುದಿಲ್ಲ. ಮೊಣಕಾಲು ಎಂದು ತಿಳಿದುಕೊ. ನನ್ನ ಮಗನಿಗೆ ಬರಬೇಕಾಗಿದ್ದ ಹುಡುಗಿಯನ್ನು ಇನ್ನೊಬ್ಬನ ಪಕ್ಕ ನಾನೇ ಕೂರಿಸುವುದು, ವೈತಿಲಿಂಗಂ ಅದನ್ನು ನೋಡುತ್ತ ಮೀಸೆ ತಿರುವುವುದು, ಅಷ್ಟು ದೊಡ್ಡ ಮನಸ್ಸು ನನ್ನಲ್ಲಿಲ್ಲ. ನಮ್ಮ ಚಿಕ್ಕಪ್ಪನ ಮಗ ರತ್ನಸಭಾಪತಿ ಇದ್ದಾನಲ್ಲ, ಲೆಕ್ಕಕ್ಕೆ ಅವನೂ ಮಾವನೇ. ಅವನು ಭಾವನ ಜೊತೆ ಸಹಿ ಹಾಕಿದವನು, ಫ್ರಾನ್ಸಿನ ಪೆನ್ಷನ್ ತಿನ್ನುವವನು. ನಿನ್ನೆ ಹದಿನಾಲ್ಕನೇ ತಾರೀಕು, ಫ್ರಾನ್ಸಿನ ರಾಷ್ಟ್ರೀಯ ಹಬ್ಬದ ಮೆರವಣಿಗೆಯಲ್ಲಿ ಎದೆಯ ಮೇಲೆ ಮೂರು ಪದಕ ಕುಣಿಸಿಕೊಂಡು ಹೋದ. ನಾನು ಔಷಧಿ ಅಂಗಡಿಯ ಮರೆಯಲ್ಲಿ ನಿಂತು ನೋಡಿದೆ. ಅವನಿಗೇ ಹೇಳು. ಫೋಟೋದಲ್ಲಿಯೂ ಚೆನ್ನಾಗಿ ಕಾಣುತ್ತಾನೆ.

ಗೋದೈ ನೂರು ಕಾಲ ಮುತ್ತೈದೆಯಾಗಿ ಬಾಳಲಿ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು, ಕೇಕು ಕಡಿಮೆ ಮಾಡಲು ಹೇಳು. ನಿನ್ನ ಸೊಂಟಕ್ಕೆ ಬೇವಿನೆಣ್ಣೆ ಬಿಸಿ ಮಾಡಿ ಹಚ್ಚಿಕೊ.

ಇಂತಿ ನಿನ್ನ ತಮ್ಮ,
ಆದಿಮೂಲಂ

ತಾ. ಕ.: ಇದನ್ನು ಅಂಚೆ ಕಚೇರಿಯ ಗೋಂದಿನ ಡಬ್ಬಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ದಾರಿಯಲ್ಲಿ ರತ್ನಸಭಾಪತಿ ಸಿಕ್ಕಿದ. ಕೈಯಲ್ಲಿ ರೇಷ್ಮೆ ಪಂಚೆಯ ಪೊಟ್ಟಣ. "ಮೂಲಂ, ನಿನಗೆ ಮೊಣಕಾಲು ನೋವಂತೆ, ನೀನು ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೋ ಮಾರಾಯ, ಮಾವನ ಕೆಲಸ ನಾನು ಮಾಡ್ತೀನಿ. ಪಟ್ಟದ ಗಂಟು ಹಿಂದೆ ಹಾಕಬೇಕೋ ಪಕ್ಕಕ್ಕೋ?" ಎಂದು ಕೇಳಿದ. ಅವನನ್ನು ಇನ್ನೂ ಯಾರೂ ಕರೆದಿಲ್ಲ, ನೋಡು. ಅಕ್ಕ, ಅವನಿಗೆ ಪೆನ್ಷನ್ ಇದೆ, ಪದಕ ಇದೆ. ಗೋದೈಗೆ ಸ್ವಂತ ಸೋದರಮಾವನಾಗಿರುವುದು ನಾನೊಬ್ಬನೇ. ಗಂಟು ಹಿಂದೆಯೇ ಹಾಕಬೇಕು, ಅವನಿಗೆ ನಾನು ಹೇಳಲಿಲ್ಲ. ಅವನಿಗೆ ಏನೂ ಬರೆಯಬೇಡ. ಹುಡುಗಿಯ ಕೈಹಿಡಿದು ಕರೆತರುವವನು ನಾನು, ಕುಂಟಿಕೊಂಡಾದರೂ. ಮೇಲೆ ಬರೆದದ್ದನ್ನು ಭಾವನಿಗೆ ಓದಿ ಹೇಳಬೇಡ.